ಔಷಧಿಯ ಲಿಂಕ್: ಲಾಭ ಯಾರಿಗೆ, ಅಪಾಯ ಯಾರಿಗೆ?

ಔಷಧಿ ಅಂಗಡಿಯವರು ಮಾತ್ರೆ ಮಾರಿದರೆ ಅವರಿಗೆ ನಾಲ್ಕು ಕಾಸು ಲಾಭ ಸಿಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹುಮನಾಬಾದಿನ ಜಾತ್ರೆಯಲ್ಲಾಗಲಿ ಬಸವಕಲ್ಯಾಣದ ಸಂತೆಯಲ್ಲಾಗಲಿ ಬೇರು, ಚೂರ್ಣ, ತೈಲ ಹರಡಿಕೊಂಡು ಕುಳಿತವನೂ ಹೊಟ್ಟೆಪಾಡಿಗಾಗಿಯೇ ಕುಳಿತಿರುತ್ತಾನೆ. ಅವನ ಮಾತನ್ನು ಎಷ್ಟು ನಂಬಬೇಕು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ತಾನಾಗಿಯೇ ನಡೆಯುತ್ತದೆ. ಆದರೆ ಸೋದರತ್ತೆಯ ಮಗಳು ಮೊಬೈಲಿಗೆ ಒಂದು ಲಿಂಕ್ ಕಳಿಸಿ, "ಇದನ್ನು ತರಿಸಿಕೋ, ಮಂಡಿನೋವು ಏಳೇ ದಿನದಲ್ಲಿ ಮಾಯ" ಎಂದು ಬರೆದಾಗ ಆ ಲೆಕ್ಕ ನಡೆಯುವುದಿಲ್ಲ. ಅವಳು ನಮ್ಮವಳು, ಅವಳಿಗೇನು ಲಾಭ ಎಂದುಕೊಳ್ಳುತ್ತೇವೆ.

ಅವಳಿಗೆ ಲಾಭ ಇಲ್ಲದಿರಬಹುದು. ಆದರೆ ಆ ಲಿಂಕ್ ಅವಳಿಗೆ ಬಂದ ದಾರಿಯಲ್ಲಿ ಮತ್ತೆ ಯಾರಿಗೋ ಲಾಭವಿದ್ದಿರಬಹುದು. ಈ ವಾರ ಆ ದಾರಿಯನ್ನು ಸ್ವಲ್ಪ ನೋಡೋಣ. ಇದು ವ್ಯಾಪಾರದ ವಿಷಯ, ಆರೋಗ್ಯದ ಅಂಕಣದಲ್ಲಿ ಇದೇಕೆ ಎಂದು ನೀವು ಕೇಳಬಹುದು. ಮುಂದೆ ಓದಿದರೆ ಉತ್ತರ ಸಿಗುತ್ತದೆ.

ಲಿಂಕಿನಿಂದ ಹಣ ಬರುವುದು ಹೇಗೆ?

ತೊಗರಿ ಚೀಲವನ್ನು ಅಡತಿ ಅಂಗಡಿಗೆ ಒಯ್ಯುವ ರೈತನಿಗೆ ದಲಾಲಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಕೊಳ್ಳುವವನನ್ನು ಮಾರುವವನ ಬಳಿಗೆ ತಂದು ಮುಟ್ಟಿಸಿದವನಿಗೆ ಸಲ್ಲುವ ಪಾಲು ಅದು. ಅಂತರ್ಜಾಲದಲ್ಲಿಯೂ ಇದೇ ಪದ್ಧತಿ ಇದೆ. ಅಮೆಜಾನ್ ಕಂಪನಿ 1996ರಷ್ಟು ಹಿಂದೆಯೇ ಇಂಥ ಯೋಜನೆಯನ್ನು ಆರಂಭಿಸಿತು. ಯಾರು ಬೇಕಾದರೂ ಹೆಸರು ನೋಂದಾಯಿಸಿ ತಮ್ಮದೇ ಒಂದು ಗುರುತಿನ ಸಂಖ್ಯೆ ಪಡೆಯಬಹುದು. ಆ ಗುರುತು ಲಿಂಕಿನ ಬಾಲದಲ್ಲಿ ಸೇರಿರುತ್ತದೆ. ನೀವು ಆ ಲಿಂಕನ್ನು ಒತ್ತಿ ಅಂಗಡಿಗೆ ಹೋಗಿ ಕೊಂಡರೆ, ನಿಮ್ಮನ್ನು ಕಳಿಸಿದವರು ಯಾರೆಂದು ಅಂಗಡಿಗೆ ತಿಳಿಯುತ್ತದೆ. ಬೆಲೆಯಲ್ಲಿ ಒಂದು ಪಾಲು ಅವರ ಖಾತೆಗೆ ಹೋಗುತ್ತದೆ. ಸಾಮಾನ್ಯವಾಗಿ ಇದಕ್ಕಾಗಿ ನೀವು ಹೆಚ್ಚು ಹಣ ಕೊಡಬೇಕಾಗಿಲ್ಲ. ದಲಾಲಿಯನ್ನು ಮಾರುವವನೇ ಕೊಡುತ್ತಾನೆ.

ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ಅಡತಿಯ ಪಟ್ಟಿಯಲ್ಲಿ ಕಡಿತವೆಷ್ಟು ಎಂಬುದನ್ನು ಬರೆದು ಕೊಡುತ್ತಾರೆ. ಲಿಂಕಿನಲ್ಲಿ ಅದು ಬರಿಗಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ವಿಧವಿದೆ. ಇಲ್ಲಿ ದಲಾಲಿ ಪಡೆಯುವುದು ಲಿಂಕ್ ಹಾಕಿದ ವ್ಯಕ್ತಿಯಲ್ಲ, ಅವನು ಬಳಸುವ ಸಾಮಾಜಿಕ ಜಾಲತಾಣವೇ. ಚಿತ್ರಗಳನ್ನು ಹಂಚಿಕೊಳ್ಳುವ ಪಿಂಟರೆಸ್ಟ್ ಎಂಬ ತಾಣ ಹೀಗೆ ಮಾಡುತ್ತಿದ್ದುದು 2012ರ ಆರಂಭದಲ್ಲಿ ಸುದ್ದಿಯಾಯಿತು. ಬಳಕೆದಾರರು ತಮಗೆ ಹಿಡಿಸಿದ ವಸ್ತುಗಳ ಲಿಂಕ್ ಹಾಕುತ್ತಿದ್ದರು. ಸ್ಕಿಮ್‌ಲಿಂಕ್ಸ್ ಎಂಬ ಕಂಪನಿಯ ತಂತ್ರದ ಮೂಲಕ ತಾಣವು ಆ ಲಿಂಕುಗಳಿಗೆ ತನ್ನ ಗುರುತನ್ನು ಸೇರಿಸಿ ಕಮಿಷನ್ ಪಡೆಯುತ್ತಿತ್ತು. ಲಿಂಕ್ ಹಾಕಿದವರಿಗೆ ಅದರ ಸುಳಿವೇ ಇರಲಿಲ್ಲ. ಹಾಲಿನ ಮೇಲಿನ ಕೆನೆ ತೆಗೆದ ಹಾಗೆ ಎಂದಿಟ್ಟುಕೊಳ್ಳಿ. ಹಾಲು ಹಾಗೆಯೇ ಇದ್ದಂತೆ ಕಾಣುತ್ತದೆ. ರೆಡಿಟ್ ಎಂಬ ತಾಣವೂ 2016ರಲ್ಲಿ ಇಂಥದ್ದೇ ಪ್ರಯೋಗ ಮಾಡಿತು. ಆದರೆ ಅದನ್ನು ಮೊದಲೇ ಪ್ರಕಟಿಸಿ, ಬೇಡವೆನ್ನುವವರಿಗೆ ಹೊರಗುಳಿಯುವ ಅವಕಾಶ ಕೊಟ್ಟಿತು. ಭಾರತದಲ್ಲಿ ಯೂಟ್ಯೂಬ್ 2024ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಸೇರಿ ಯೋಜನೆಯೊಂದನ್ನು ಬಹಿರಂಗವಾಗಿಯೇ ಆರಂಭಿಸಿತು. ವೀಡಿಯೊ ಮಾಡುವವರು ತಮ್ಮ ವೀಡಿಯೊದಲ್ಲೇ ವಸ್ತುಗಳ ಲಿಂಕ್ ತೋರಿಸಿ ಕಮಿಷನ್ ಗಳಿಸಬಹುದು.

ಮೂರನೆಯ ವಿಧ ಜಾಹೀರಾತು. ಒಂದು ಲಿಂಕನ್ನು ಎಷ್ಟು ಜನ ಒತ್ತಿದರು, ಯಾರು ಎಷ್ಟು ಹೊತ್ತು ನೋಡಿದರು ಎಂಬುದನ್ನು ತಾಣಗಳು ಎಣಿಸುತ್ತವೆ. ಮಂಡಿನೋವಿನ ವೀಡಿಯೊವನ್ನು ಎರಡು ಸಲ ನೋಡಿದವರಿಗೆ ಮೂರನೆಯ ಸಲ ಮಂಡಿನೋವಿನ ಎಣ್ಣೆಯ ಜಾಹೀರಾತು ಬರುವುದು ಇದರಿಂದಲೇ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಒಳಗಿನ ಕಡತಗಳನ್ನು ನೋಡಿ ರಾಯ್ಟರ್ಸ್ ಸುದ್ದಿಸಂಸ್ಥೆ 2025ರ ನವೆಂಬರ್‌ನಲ್ಲಿ ಒಂದು ವರದಿ ಪ್ರಕಟಿಸಿತು. 2024ರ ತನ್ನ ಆದಾಯದಲ್ಲಿ ಸುಮಾರು ನೂರಕ್ಕೆ 10ರಷ್ಟು ಭಾಗ ಮೋಸದ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದೆಂದು ಕಂಪನಿಯೇ ಅಂದಾಜು ಮಾಡಿತ್ತು ಎಂದು ಅದರಲ್ಲಿತ್ತು. ಆ ಅಂದಾಜು ಸ್ಥೂಲವಾದದ್ದು, ಸರಿಯಾದ ಜಾಹೀರಾತುಗಳೂ ಅದರಲ್ಲಿ ಸೇರಿವೆ ಎಂದು ಕಂಪನಿ ಉತ್ತರಿಸಿತು. ಯಾರ ಮಾತು ಎಷ್ಟು ಸರಿಯೆಂಬುದು ಹೇಗೂ ಇರಲಿ. ತಾಣದಲ್ಲಿ ಕಂಡದ್ದನ್ನೆಲ್ಲ ಯಾರೋ ಪರೀಕ್ಷಿಸಿಯೇ ಬಿಟ್ಟಿರುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದಂತೂ ಸ್ಪಷ್ಟ.

ವಾಟ್ಸಾಪಿನ ಖಾಸಗಿ ಸಂದೇಶಗಳ ವಿಷಯ ಬೇರೆ. ಅಲ್ಲಿ ಕಳಿಸಿದವರಿಗೂ ಪಡೆದವರಿಗೂ ಮಾತ್ರ ಸಂದೇಶ ಓದಲು ಸಿಗುವುದರಿಂದ ತಾಣವು ನಡುವೆ ಕೈಹಾಕಿ ಲಿಂಕ್ ಬದಲಿಸುವುದಿಲ್ಲ. ಆದರೆ ಮೊದಲು ಲಿಂಕ್ ತಯಾರಿಸಿದವನ ಗುರುತು ಅದರಲ್ಲೇ ಉಳಿದಿರುತ್ತದೆ. ಅದು ಕನ್ನಡ, ಮರಾಠಿ, ಉರ್ದು ಗುಂಪುಗಳನ್ನೆಲ್ಲ ಸುತ್ತಿ ಬಂದರೂ, ಕಡೆಗೆ ನಿಮ್ಮ ಸೋದರತ್ತೆಯ ಮಗಳ ಕೈಯಿಂದ ಬಂದರೂ, ಕಮಿಷನ್ ಮಾತ್ರ ಆ ಮೊದಲಿನವನಿಗೇ.

ಸೀರೆಗೂ ಔಷಧಿಗೂ ವ್ಯತ್ಯಾಸ

ಲಿಂಕ್ ನೋಡಿ ತರಿಸಿದ ಸೀರೆಯ ಬಣ್ಣ ಹೋದರೆ ಹಣ ಹೋಯಿತು, ಅಷ್ಟೆ. ಔಷಧಿಯ ವಿಷಯದಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇದರಲ್ಲಿ ಮುಖ್ಯವಾಗಿ ನಾಲ್ಕು ಅಪಾಯಗಳಿವೆ.

ಮೊದಲನೆಯದು, ಒಳಗೆ ಬಚ್ಚಿಟ್ಟ ಔಷಧಿ. ಕಬ್ಬು ಕಡಿಯುವ ಹೆಣ್ಣುಮಗಳೊಬ್ಬಳಿಗೆ ವರ್ಷಗಟ್ಟಲೆ ಮಂಡಿನೋವು ಎಂದಿಟ್ಟುಕೊಳ್ಳಿ. "ಶುದ್ಧ ಗಿಡಮೂಲಿಕೆ" ಎಂಬ ಚೀಟಿ ಅಂಟಿಸಿದ ಮಾತ್ರೆ ನುಂಗಿದ ಎರಡನೆಯ ದಿನವೇ ನೋವು ಹಾರಿಹೋಗುತ್ತದೆ. ಸವೆದ ಕೀಲು ಎರಡು ದಿನದಲ್ಲಿ ಬೆಳೆಯುವುದಿಲ್ಲ. ಅಷ್ಟು ಬೇಗ ಗುಣ ಕಂಡರೆ ಅದರಲ್ಲಿ ಸ್ಟಿರಾಯ್ಡ್ ಅಥವಾ ತೀವ್ರವಾದ ನೋವುನಿವಾರಕ ಬೆರೆಸಿರಬಹುದೆಂದು ಸಂಶಯಪಡಬೇಕು. ಸ್ಟಿರಾಯ್ಡನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ಊದಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಇನ್ನೂ ಒಂದು ಮುಖ್ಯ ಮಾತಿದೆ. ನಮ್ಮ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳು ದೇಹಕ್ಕೆ ಬೇಕಾದ ಸ್ಟಿರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ಅವು ಕೆಲಸ ನಿಲ್ಲಿಸುತ್ತವೆ. ಆಗ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಇಂಥ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡಿದ್ದರೆ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರಲ್ಲಿಗೆ ಹೋಗಿ. ನೀವಾಗಿ ನಿಲ್ಲಿಸಬೇಡಿ. ಬೊಜ್ಜು ಇಳಿಸುವ ಪುಡಿಗಳಲ್ಲಿಯೂ ಎಚ್ಚರ ಬೇಕು. ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲಿ ನಿಷೇಧಿಸಲಾದ ಸಿಬುಟ್ರಮಿನ್ ಎಂಬ ಔಷಧಿಯು ಹಲವು ದೇಶಗಳಲ್ಲಿ "ಗಿಡಮೂಲಿಕೆ" ಪೊಟ್ಟಣಗಳಲ್ಲಿ ಪತ್ತೆಯಾಗಿದೆ.

ಎರಡನೆಯದು ಭಾರಲೋಹ. 2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಂತರ್ಜಾಲದ ಮೂಲಕ ತರಿಸಿದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಾರತದಲ್ಲಿ ತಯಾರಾದವು, ಅಮೆರಿಕದಲ್ಲಿ ತಯಾರಾದವು ಎಂಬ ಭೇದ ಹೆಚ್ಚೇನೂ ಇರಲಿಲ್ಲ. ಇದನ್ನು ಆಯುರ್ವೇದದ ಮೇಲಿನ ಆರೋಪವೆಂದು ತಿಳಿಯಬಾರದು. ಪರಿಚಿತ ವೈದ್ಯರು ನಾಡಿ ನೋಡಿ ಕೊಡುವ ಔಷಧಿ ಬೇರೆ, ಯಾರೋ ಮುಖವಿಲ್ಲದವರು ಅಂಚೆಯಲ್ಲಿ ಕಳಿಸುವ ಪೊಟ್ಟಣ ಬೇರೆ. ಸೀಸವು ಮೆಲ್ಲಗೆ ದೇಹದಲ್ಲಿ ಕೂಡಿಕೊಳ್ಳುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಕೈಗಳಲ್ಲಿ ಬಲಹೀನತೆ ಇದರ ಲಕ್ಷಣಗಳು. ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ.

ಮೂರನೆಯದು ಬಿಳುಪಿನ ಕ್ರೀಮು. ಇದನ್ನು ಹಚ್ಚುವುದು ಚರ್ಮಕ್ಕೆ, ಕೆಡುವುದು ಮೂತ್ರಪಿಂಡ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳು ಕಂಡುಬಂದರು. ಅವರಲ್ಲಿ 15 ಜನರಿಗೆ ಅಪರೂಪದ ಒಂದು ಬಗೆಯ ಕಾಯಿಲೆ ಇತ್ತು. ವಿಚಾರಿಸಿದಾಗ ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಕ್ರೀಮಿನಲ್ಲಿದ್ದ ಪಾದರಸವೇ ಕಾರಣವೆಂದು ವೈದ್ಯರು ಅಭಿಪ್ರಾಯಪಟ್ಟರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೇ ಸಮಾಧಾನದ ಸಂಗತಿ. ಪಾದ ಊದಿಕೊಳ್ಳುವುದು, ಮೂತ್ರದಲ್ಲಿ ಸೋಪಿನಂಥ ನೊರೆ ಬರುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳು. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಈ ಕ್ರೀಮುಗಳ ಲಿಂಕುಗಳು ಹೆಚ್ಚಾಗಿ ಬರುತ್ತವೆ. ಮನೆಯ ಹಿರಿಯರು ಇದನ್ನು ಗಮನಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಮೌನವಾದದ್ದು. ಅದೇ ಇರುವ ಔಷಧಿಯನ್ನು ಬಿಟ್ಟುಬಿಡುವುದು. "ಈ ಪುಡಿ ತಿಂದರೆ ಸಕ್ಕರೆ ಮಾತ್ರೆ ಬೇಕಿಲ್ಲ" ಎಂಬ ಒಂದು ಸಾಲು ಸಾಕು. ಪುಡಿಯಲ್ಲಿ ವಿಷವೇನೂ ಇಲ್ಲದಿರಬಹುದು, ಬರೀ ಮೆಂತ್ಯವೇ ಇರಬಹುದು. ಆದರೆ ಮಾತ್ರೆ ಬಿಟ್ಟವನ ಸಕ್ಕರೆ ನೋವಿಲ್ಲದೆ, ಸದ್ದಿಲ್ಲದೆ ಏರುತ್ತದೆ. ಕಣ್ಣಿನ ಪರದೆ, ಮೂತ್ರಪಿಂಡ, ಪಾದದ ನರಗಳು ಒಳಗೊಳಗೇ ಕೆಡುತ್ತವೆ. ಹುಟ್ಟಿನಿಂದಲೋ ಎಳೆಯ ವಯಸ್ಸಿನಿಂದಲೋ ಇನ್ಸುಲಿನ್ ಅವಲಂಬಿಸಿದ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ವಾಂತಿ, ಏದುಸಿರು ಬಂದು ಪ್ರಜ್ಞೆ ತಪ್ಪುತ್ತದೆ. ರಕ್ತದೊತ್ತಡದ ಮಾತ್ರೆ ಬಿಟ್ಟವರಿಗೆ ಪಾರ್ಶ್ವವಾಯು ಮೊದಲ ಸೂಚನೆಯಾಗಿಯೇ ಬರಬಹುದು.

"ನನಗೆ ಗುಣವಾಯಿತು" ಎಂಬ ಮಾತು

ಲಿಂಕಿನ ಕೆಳಗೆ ನೂರಾರು ಜನ "ನನಗೆ ಗುಣವಾಯಿತು" ಎಂದು ಬರೆದಿರುತ್ತಾರಲ್ಲ, ಅವರೆಲ್ಲ ಸುಳ್ಳರೇ ಎಂದು ನೀವು ಕೇಳಬಹುದು. ಎಲ್ಲರೂ ಸುಳ್ಳರಲ್ಲ. ಕೆಲವರು ಹಣ ಪಡೆದು ಬರೆದಿರಬಹುದು, ಉಳಿದವರು ಪ್ರಾಮಾಣಿಕರೇ ಇರಬಹುದು. ಆದರೆ ಮಂಡಿನೋವು, ಅಜೀರ್ಣ, ತುರಿಕೆ, ತಲೆನೋವು ಇವೆಲ್ಲ ಏರಿಳಿಯುವ ಕಾಯಿಲೆಗಳು. ನೋವು ಅತಿಯಾದಾಗಲೇ ನಾವು ಔಷಧಿ ಹುಡುಕುತ್ತೇವೆ. ಅತಿಯಾದದ್ದು ಹೇಗೂ ಸ್ವಲ್ಪ ದಿನಕ್ಕೆ ಇಳಿಯುತ್ತದೆ. ಕೀರ್ತಿ ಆಗ ಕೈಯಲ್ಲಿದ್ದ ಔಷಧಿಗೆ ಸಲ್ಲುತ್ತದೆ. ಗುಣವಾಗದವರು ಬೇಸರಗೊಂಡು ಸುಮ್ಮನಾಗುತ್ತಾರೆ, ಬರೆಯುವುದಿಲ್ಲ. ತಾಣದ ಯಂತ್ರಗಣಿತವಾದರೋ ಹೆಚ್ಚು ಜನ ಒತ್ತಿದ್ದನ್ನೇ ಇನ್ನಷ್ಟು ಜನರಿಗೆ ತೋರಿಸುತ್ತದೆ. ಗುಣವಾಯಿತೇ ಇಲ್ಲವೇ ಎಂದು ಅದು ಕೇಳುವುದಿಲ್ಲ. ಅದು ಎಣಿಸುವುದು ಒತ್ತಿದವರನ್ನು ಮಾತ್ರ.

ಕಾನೂನು ಏನು ಹೇಳುತ್ತದೆ?

ರೋಗಿಯನ್ನು ಪ್ರಯೋಗಾಲಯಕ್ಕೋ ಬೇರೆ ಆಸ್ಪತ್ರೆಗೋ ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದನ್ನು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳು ನಿಷೇಧಿಸಿವೆ. ಕಾರಣ ಸರಳ. ಸಲಹೆ ಕೊಡುವವನ ಜೇಬಿಗೆ ಸಲಹೆಯಿಂದಲೇ ಹಣ ಬಿದ್ದರೆ ಸಲಹೆ ಓರೆಯಾಗುತ್ತದೆ. ಈ ತತ್ತ್ವ ಲಿಂಕ್ ಹಾಕುವವರಿಗೂ ಅನ್ವಯಿಸುತ್ತದೆ. ಆದರೆ ಅವರಿಗೆ ಕಮಿಷನ್ ನಿಷೇಧವಿಲ್ಲ, ಅದನ್ನು ಮುಚ್ಚಿಡುವಂತಿಲ್ಲ ಅಷ್ಟೆ.

2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವಸ್ತುವನ್ನು ಹೊಗಳುವವರಿಗೂ ಮಾರುವವರಿಗೂ ಹಣಕಾಸಿನ ಸಂಬಂಧವಿದ್ದರೆ ಅದನ್ನು ತಿಳಿಸಲೇಬೇಕು. 2023ರ ಜನವರಿಯಲ್ಲಿ ಇದನ್ನು ಜಾಲತಾಣದ ಪ್ರಭಾವಿಗಳಿಗಾಗಿ ಇನ್ನಷ್ಟು ಬಿಡಿಸಿ ಹೇಳಲಾಯಿತು. "ಜಾಹೀರಾತು", "ಪ್ರಾಯೋಜಿತ" ಎಂಬಂಥ ಸರಳ ಪದಗಳಲ್ಲಿ, ಕಣ್ಣಿಗೆ ಬೀಳುವಂತೆ ಬರೆಯಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ಆರೋಗ್ಯದ ಬಗ್ಗೆ ಮಾತನಾಡುವವರಿಗೆ ಪ್ರತ್ಯೇಕ ಸೂಚನೆ ಬಂತು. ವೈದ್ಯರಾದವರು ತಮ್ಮ ಅರ್ಹತೆಯನ್ನು ಹೇಳಬೇಕು. ವೈದ್ಯರಲ್ಲದವರು ತಜ್ಞರಂತೆ ಮಾತನಾಡುವಾಗ ಇದು ವೈದ್ಯಕೀಯ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟಪಡಿಸಬೇಕು. ತಪ್ಪಿದರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇದಕ್ಕಿಂತ ಹಳೆಯದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಪಾರ್ಶ್ವವಾಯು, ಬೊಜ್ಜು, ಕಣ್ಣಿನ ಪೊರೆ ಮೊದಲಾದ 54 ಬಗೆಯ ಕಾಯಿಲೆ ಮತ್ತು ದೋಷಗಳ ಪಟ್ಟಿ ಅದರಲ್ಲಿದೆ. ಇವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. ಹಾಗಾಗಿ "ಸಕ್ಕರೆ ಕಾಯಿಲೆ ಬೇರುಸಹಿತ ವಾಸಿ" ಎಂಬ ಜಾಹೀರಾತು ಕಂಡರೆ, ಪೊಟ್ಟಣದಲ್ಲಿ ಏನಿದೆ ಎಂದು ನೋಡುವ ಮೊದಲೇ ಅದು ಕಾನೂನು ಮೀರಿದ್ದು ಎಂದು ತಿಳಿಯಬಹುದು.

ಒಂದು ಬಿರುಕು ಮಾತ್ರ ಉಳಿದಿದೆ. ಸಂಬಂಧವನ್ನು ತಿಳಿಸಬೇಕಾದವನು ಹೊಗಳಿದವನು. ತಾಣವೇ ಅವನಿಗೆ ತಿಳಿಯದಂತೆ ಕಮಿಷನ್ ಪಡೆದರೆ ಅವನು ತಿಳಿಸುವುದಾದರೂ ಏನನ್ನು? ಆದುದರಿಂದ "ಇದು ಜಾಹೀರಾತು" ಎಂಬ ಮಾತು ಇಲ್ಲದಿದ್ದರೆ ಯಾರಿಗೂ ಲಾಭವಿಲ್ಲವೆಂದು ಭಾವಿಸಬಾರದು.

ನೀವು ಮಾಡಬೇಕಾದದ್ದು

* ಲಿಂಕ್ ಕಳಿಸಿದವರನ್ನು ಎರಡು ಪ್ರಶ್ನೆ ಕೇಳಿ: "ನೀನು ತೆಗೆದುಕೊಂಡಿದ್ದೀಯಾ? ನಿನಗೆ ಇದು ಯಾರಿಂದ ಬಂತು?" ಹೆಚ್ಚಿನ ಸಲ ಉತ್ತರ "ಇಲ್ಲ, ಗುಂಪಿನಲ್ಲಿ ಬಂತು" ಎಂದೇ ಇರುತ್ತದೆ.

* ಪೊಟ್ಟಣದ ಮೇಲೆ ತಯಾರಕರ ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವೆಯೇ ನೋಡಿ. ಆಹಾರದ ಹೆಸರಿನಲ್ಲಿ ಮಾರುವ ಪುಡಿಗಳ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರಬೇಕು. ಆದರೆ ಆ ಸಂಖ್ಯೆ ಇದ್ದ ಮಾತ್ರಕ್ಕೆ ಕಾಯಿಲೆ ಗುಣವಾಗುತ್ತದೆಂದು ಅರ್ಥವಲ್ಲ. ಅದು ಆಹಾರದ ಪರವಾನಗಿ, ಔಷಧಿಯದ್ದಲ್ಲ.

* ಸಕ್ಕರೆ, ರಕ್ತದೊತ್ತಡ, ಅಪಸ್ಮಾರ, ಥೈರಾಯ್ಡ್, ಹೃದಯದ ಮಾತ್ರೆಗಳನ್ನು ಯಾವ ಲಿಂಕಿನ ಮಾತಿಗೂ ನಿಲ್ಲಿಸಬೇಡಿ. ಬದಲಾಯಿಸಬೇಕೆನ್ನಿಸಿದರೆ ಬಸವಕಲ್ಯಾಣ ಅಥವಾ ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಹೆಚ್ಚಿನ ಪರೀಕ್ಷೆಗೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ.

* ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ಇಂಥ ಯಾವುದನ್ನೂ ಬಳಸಬಾರದು.

* ಈಗಾಗಲೇ ತೆಗೆದುಕೊಂಡು ಮುಖ ಊದು, ಕಾಲು ಊದು, ಹಳದಿ ಕಣ್ಣು, ಕಪ್ಪು ಮಲ, ನೊರೆ ಮೂತ್ರ, ಮೈಮೇಲೆ ಗುಳ್ಳೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪೊಟ್ಟಣವನ್ನು ಎಸೆಯಬೇಡಿ, ಅದೇ ಮುಖ್ಯ ಸಾಕ್ಷಿ. "ನಾಚಿಕೆಯಾಗುತ್ತದೆ, ಹೇಳುವುದಿಲ್ಲ" ಎಂದು ಮುಚ್ಚಿಡಬೇಡಿ. ವೈದ್ಯರು ಬೈಯಬಹುದು, ಆದರೆ ತಿಳಿದರೆ ಮಾತ್ರ ಸರಿಯಾದ ಚಿಕಿತ್ಸೆ ಕೊಡಬಲ್ಲರು.

* ಔಷಧಿಯ ಅಡ್ಡಪರಿಣಾಮವನ್ನು 1800-180-3024 ಸಂಖ್ಯೆಗೆ ಉಚಿತವಾಗಿ ತಿಳಿಸಬಹುದು. ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಣ ಕಳಿಸಿ ಮೋಸಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ನೀವೇ ಲಿಂಕ್ ಕಳಿಸುವವರಾದರೆ

ಇದನ್ನು ಓದುವವರಲ್ಲಿ ಲಿಂಕಿನಿಂದಲೇ ನಾಲ್ಕು ಕಾಸು ಸಂಪಾದಿಸುವವರೂ ಇರಬಹುದು. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಮೀಶೊದಂಥ ಕಂಪನಿಗಳಿಂದ ಅನೇಕ ಗೃಹಿಣಿಯರು ವಾಟ್ಸಾಪಿನಲ್ಲೇ ಬಟ್ಟೆ, ಪಾತ್ರೆ ಮಾರಲು ಕಲಿತರು. ಮನೆಯಿಂದ ಹೊರಗೆ ಹೋಗಲಾಗದ ಹೆಣ್ಣುಮಗಳಿಗೆ ಅದು ದೊಡ್ಡ ಆಸರೆ. ಅವರನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಬಟ್ಟೆಯಿಂದ ಔಷಧಿಗೆ ಜಾರುವುದು ಸುಲಭ, ಯಾಕೆಂದರೆ ಔಷಧಿಯಲ್ಲಿ ಕಮಿಷನ್ ಹೆಚ್ಚು ಎಂಬ ಆಸೆ ತೋರಿಸುವವರಿದ್ದಾರೆ. ಅಲ್ಲಿ ನಿಲ್ಲಿ. ಸೀರೆ ಮಾರಿ, ಡಬ್ಬಿ ಮಾರಿ. ಕಾಯಿಲೆ ಗುಣಪಡಿಸುವ ಮಾತನ್ನು ಮಾತ್ರ ಮಾರಬೇಡಿ. ಯಾವುದನ್ನು ಮಾರಿದರೂ "ಇದರಲ್ಲಿ ನನಗೆ ಇಷ್ಟು ಸಿಗುತ್ತದೆ" ಎಂದು ಒಂದು ಸಾಲು ಬರೆಯಿರಿ. ಅದರಿಂದ ಗಿರಾಕಿ ಓಡಿಹೋಗುವುದಿಲ್ಲ, ನಂಬಿಕೆಯೇ ಬೆಳೆಯುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರೂ ಒಬ್ಬರು. ಹೆಸರೇ ಹೇಳುವಂತೆ ವೈದ್ಯವೃತ್ತಿ ಅವರ ಕಾಯಕ. ಕಾಯಕವೆಂದರೆ ದುಡಿದು ಗಳಿಸುವುದು ಅಷ್ಟೇ ಅಲ್ಲ, ಗಳಿಸಿದ್ದು ಹೇಗೆಂದು ನಾಲ್ವರ ಮುಂದೆ ಹೇಳಬಲ್ಲಂತಿರುವುದು. ಔಷಧಿಯ ಲಿಂಕಿಗೂ ಇದೇ ಅಳತೆಗೋಲು ಸಾಕು. ಕಳಿಸಿದವರು ತಮಗೇನು ಸಿಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಬಲ್ಲರೇ? ಅದರಲ್ಲೇನಿದೆ ಎಂದು ತಿಳಿದವರು ಒಬ್ಬರಾದರೂ ಅದನ್ನು ನೋಡಿದ್ದಾರೆಯೇ? ಈ ಎರಡರಲ್ಲಿ ಒಂದಕ್ಕೆ ಉತ್ತರ "ಇಲ್ಲ" ಎಂದಾದರೂ ಲಿಂಕನ್ನು ಒತ್ತಬೇಡಿ, ಮುಂದಕ್ಕೆ ಕಳಿಸಲೂ ಬೇಡಿ.